ಮೊದಲ ಹತ್ತು ಕಿಲೋಮೀಟರ್ ಜಿಪುಣರಾಗಿ

ಮೈಸೂರಿನ ರಿಂಗ್ ರೋಡಿನ ಉದ್ದ ಸುಮಾರು 42 ಕಿಲೋಮೀಟರ್. ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್. ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ಆದರೂ ಮೈಸೂರಿನವರಿಗೆ ಇದರಿಂದ ಒಂದು ಅನುಕೂಲವಾಗಿದೆ. ಮ್ಯಾರಥಾನ್ ಅಂದರೆ ಎಷ್ಟು ದೂರ ಅಂತ ಮನೆಯವರು ಕೇಳಿದರೆ ಅಂಕಿ ಹೇಳುವುದೇ ಬೇಡ. ಕುಂಬಾರಕೊಪ್ಪಲಿನಿಂದ ಹೊರಟು ಕೆಆರ್‌ಎಸ್ ರಸ್ತೆಯ ಜಂಕ್ಷನ್ನಿನಲ್ಲಿ ರಿಂಗ್ ರೋಡಿಗೆ ಸೇರಬೇಕು. ಅಲ್ಲಿಂದ ಬೆಂಗಳೂರು ರಸ್ತೆ, ತಿ. ನರಸೀಪುರ ರಸ್ತೆ, ನಂಜನಗೂಡು ರಸ್ತೆ, ಎಚ್.ಡಿ. ಕೋಟೆ ರಸ್ತೆ, ಬೋಗಾದಿ, ಹಿನಕಲ್, ಹೆಬ್ಬಾಳ ಎಲ್ಲ ದಾಟಿ ಇಡೀ ಊರಿಗೆ ಒಂದು ಪ್ರದಕ್ಷಿಣೆ ಹಾಕಿ ಹೊರಟಲ್ಲಿಗೇ ಬರಬೇಕು. ಸ್ಕೂಟರಿನಲ್ಲಿ ಹೋದರೂ ಸೊಂಟ ಹಿಡಿಯುವಷ್ಟು ದೂರ. ಅದನ್ನು ಕಾಲಲ್ಲಿ, ಅದೂ ಓಡಿಕೊಂಡು. (ದೂರದ ಅಂದಾಜಿಗೆ ಹೇಳಿದ್ದಷ್ಟೇ. ಲಾರಿಗಳು ನುಗ್ಗುವ ಆ ರಸ್ತೆಯಲ್ಲಿ ಕತ್ತಲಲ್ಲಿ ಓಡಲು ಹೋಗಬೇಡಿ.)

ಕುಂಬಾರಕೊಪ್ಪಲು, ಮೇಟಗಳ್ಳಿ, ಹೆಬ್ಬಾಳದ ಕಡೆ ಈಗ ಬೆಳಗಿನ ಜಾವ ಓಡುವವರು ಕಾಣುತ್ತಾರೆ. ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡುವ ಹುಡುಗರಿದ್ದಾರೆ, ಕಂಪ್ಯೂಟರ್ ಕಂಪನಿಯವರಿದ್ದಾರೆ, ಮಕ್ಕಳನ್ನು ಸ್ಕೂಲಿಗೆ ಕಳಿಸುವ ಮೊದಲು ಒಂದು ಗಂಟೆ ಹೊಂದಿಸಿಕೊಂಡ ಹೆಣ್ಣುಮಕ್ಕಳಿದ್ದಾರೆ. ದಸರೆಯ ಓಟದಲ್ಲೋ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲೋ ರುಚಿ ಹತ್ತಿ, ಆಮೇಲೆ ಹಾಫ್ (ಅರ್ಧ) ಮ್ಯಾರಥಾನ್ ಓಡಿ, ಈಗ ಜನವರಿಯ ಮುಂಬೈ ಮ್ಯಾರಥಾನಿನ ಫುಲ್‌ಗೆ ಹೆಸರು ಕೊಟ್ಟಿರುತ್ತಾರೆ. ಇಂಥವರು ಯಾರೇ ಸಿಕ್ಕಲಿ, ಮೊದಲ ಪ್ರಶ್ನೆ ಒಂದೇ: "ಯಾವ ಶೂ ತಗೋಬೇಕು ಸಾರ್?" ಎರಡನೆಯದು ವಾಚಿನದು. ಮೂರನೆಯದು ಓಡುತ್ತಾ ತಿನ್ನುವ ಜೆಲ್ ಬಗ್ಗೆ. "ಶುರುವಲ್ಲಿ ಎಷ್ಟು ನಿಧಾನ ಓಡಬೇಕು?" ಎಂದು ಮೊದಲೇ ಕೇಳಿದವರನ್ನು ನಾನು ಕಂಡಿಲ್ಲ. ಮ್ಯಾರಥಾನಿನಲ್ಲಿ ಹಣೆಬರಹ ತೀರ್ಮಾನವಾಗುವುದು ಮಾತ್ರ ಆ ಪ್ರಶ್ನೆಯಲ್ಲೇ.

ಶೂವಿನ ವಿಷಯಕ್ಕೆ ಬರುವ ಮೊದಲು ಬೆಳಗಾವಿಯ ಒಬ್ಬರನ್ನು ನೆನೆಯಬೇಕು. ಫಡೆಪ್ಪ ದರೆಪ್ಪ ಚೌಗುಲೆ, 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ಮ್ಯಾರಥಾನ್ ಓಡಿದವರು. ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮ್ಖಾನದ ಕ್ರೀಡಾಕೂಟಕ್ಕೆ ಬಂದಿದ್ದ ಉದ್ಯಮಿ ದೊರಾಬ್ಜಿ ಟಾಟಾ, ಬರಿಗಾಲಿನಲ್ಲಿ ಓಡುತ್ತಿದ್ದ ರೈತಾಪಿ ಹುಡುಗರ ವೇಗ ನೋಡಿ, ಇವರನ್ನು ಒಲಿಂಪಿಕ್ಸ್‌ಗೆ ಕಳಿಸಲೇಬೇಕೆಂದು ಹೊರಟದ್ದರಿಂದ ಆ ತಂಡ ಹಡಗು ಹತ್ತಿತು. ಆಂಟ್ವರ್ಪಿನಲ್ಲಿ ಆ ವರ್ಷದ ಓಟ ಮಾಮೂಲಿಗಿಂತ ಉದ್ದ, 42.75 ಕಿಲೋಮೀಟರ್. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಕಿಲೋಮೀಟರಿಗೆ ಹೆಚ್ಚುಕಡಿಮೆ ನಾಲ್ಕೇ ನಿಮಿಷ! ಆಗ ಜೆಲ್ ಇರಲಿಲ್ಲ, ನೊರೆಯಂಥ ಮೆತ್ತನೆಯ ಅಟ್ಟೆಯಿರಲಿಲ್ಲ, ಮಣಿಕಟ್ಟಿನ ಮೇಲೆ ಉಪಗ್ರಹದಿಂದ ಲೆಕ್ಕ ತರುವ ವಾಚಿರಲಿಲ್ಲ. ಇಂದು ಇಪ್ಪತ್ತು ಸಾವಿರದ ಶೂ ಹಾಕಿಕೊಂಡು ನಾಲ್ಕೂವರೆ ಗಂಟೆಗೆ ಮುಗಿಸುವ ನಾವು ಸ್ವಲ್ಪ ತಲೆ ತಗ್ಗಿಸಿ ಮುಂದಕ್ಕೆ ಓದೋಣ.

ಹಾಗೆಂದು ಬರಿಗಾಲಿನಲ್ಲಿ ಓಡಿ ಎನ್ನುತ್ತಿಲ್ಲ. ಚಿಕ್ಕಂದಿನಿಂದ ಬರಿಗಾಲಿನಲ್ಲಿ ನೆಲ ತುಳಿದವರ ಪಾದ ಬೇರೆ, ಆಫೀಸಿನ ಕುರ್ಚಿಯ ಕೆಳಗೆ ಬೆಳೆದ ನಮ್ಮ ಪಾದ ಬೇರೆ. ಶೂ ಬೇಕು. ಅಂಗಡಿಗೆ ಸಂಜೆ ಹೋಗಿ. ದಿನವಿಡೀ ನಡೆದು ಪಾದ ಸ್ವಲ್ಪ ಊದಿರುತ್ತದೆ, ಓಟದ ಮೂರನೆಯ ಗಂಟೆಯಲ್ಲೂ ಅದು ಹಾಗೇ ಊದುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ, ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು. ಆಫೀಸಿನ ಶೂ ಎಂಟನೆಯ ಸೈಜಾದರೆ ಓಟದ್ದು ಎಂಟೂವರೆಯೋ ಒಂಬತ್ತೋ ಆಗಬಹುದು, ಅದರಲ್ಲಿ ನಾಚಿಕೆಯಿಲ್ಲ. ಬಿಗಿ ಶೂ ಹಾಕಿದವರ ಕಾಲುಬೆರಳ ಉಗುರು ಓಟದ ಮಾರನೆಯ ವಾರ ಕಪ್ಪಾಗಿ, ಒಂದೆರಡು ತಿಂಗಳಲ್ಲಿ ಕಳಚಿ ಬೀಳುತ್ತದೆ.

ಅಟ್ಟೆಯೊಳಗೆ ಕಾರ್ಬನ್ ಪ್ಲೇಟ್ ಇರುವ ಶೂ ಬಗ್ಗೆ ಎಲ್ಲರಿಗೂ ಆಸೆ. ಕ್ರೀಡೆಯ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ರಸ್ತೆ ಓಟದ ಶೂಗೆ 40 ಮಿಲಿಮೀಟರ್ ಅಟ್ಟೆಯ ಮಿತಿ, ಒಂದೇ ಪ್ಲೇಟ್ ಎಂಬ ನಿಯಮ ತರಬೇಕಾಯಿತು ಎಂದರೆ ಅವು ಕೆಲಸ ಮಾಡುತ್ತವೆ ಎಂದೇ ಅರ್ಥ. ಆದರೆ ಯಾರಿಗೆ? ಕಿಲೋಮೀಟರಿಗೆ ಮೂರು, ನಾಲ್ಕು ನಿಮಿಷದವರಿಗೆ ಸಿಗುವಷ್ಟು ಲಾಭ ಆರೂವರೆ ನಿಮಿಷದವರಿಗೆ ಸಿಗುವುದಿಲ್ಲ. ಎತ್ತರದ ಮೆತ್ತನೆ ಅಟ್ಟೆ ಸುಸ್ತಾದ ಕಾಲನ್ನು ಅತ್ತಿತ್ತ ವಾಲಿಸುವುದೂ ಉಂಟು. ನನ್ನನ್ನು ಕೇಳಿದರೆ, ಮೊದಲ ಮ್ಯಾರಥಾನಿಗೆ ಆ ದುಡ್ಡಿನಲ್ಲಿ ಎರಡು ಜೊತೆ ಸಾಧಾರಣ ಒಳ್ಳೆ ಶೂ ಕೊಳ್ಳಿ. ಒಂದನ್ನು ಅಭ್ಯಾಸದಲ್ಲಿ ಸವೆಸಿ. ಇನ್ನೊಂದನ್ನು ಒಂದೆರಡು ಲಾಂಗ್ ರನ್ (ವಾರಕ್ಕೊಮ್ಮೆಯ ಉದ್ದದ ಓಟ) ಸೇರಿ ಐವತ್ತರಿಂದ ನೂರು ಕಿಲೋಮೀಟರ್ ಓಡಿಸಿ ಓಟದ ದಿನಕ್ಕೆ ಎತ್ತಿಡಿ. ಒಂದು ಜೊತೆ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಹೊಸ ಶೂವನ್ನು ಮುಂಬೈಗೆ ಹೋಗಿ ಬಾಕ್ಸಿನಿಂದ ತೆಗೆಯುವವರು ಪ್ರತಿ ವರ್ಷ ಇರುತ್ತಾರೆ. ಅವರು ಹಿಮ್ಮಡಿಯಲ್ಲಿ ಬೊಬ್ಬೆ ಹೊತ್ತುಕೊಂಡೇ ವಾಪಸ್ ಬರುತ್ತಾರೆ.

ಶೂವಿನ ಲೇಸು ಕಟ್ಟುವ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ, ಒಂದು ಹೆಚ್ಚುವರಿ ತೂತಿರುತ್ತದೆ. ಅದು ಏಕಿದೆ ಎಂದು ಬಹಳ ಜನ ಯೋಚಿಸಿರುವುದಿಲ್ಲ. ಲೇಸಿನ ತುದಿಯನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ, ಪೂರ್ತಿ ಎಳೆಯದೆ ಚಿಕ್ಕದೊಂದು ಕುಣಿಕೆ ಉಳಿಸಿ. ಎರಡೂ ಬದಿಯಲ್ಲಿ ಹೀಗೆ ಮಾಡಿ, ಬಲಗಡೆಯ ಲೇಸನ್ನು ಎಡಗಡೆಯ ಕುಣಿಕೆಯೊಳಗೆ, ಎಡಗಡೆಯದನ್ನು ಬಲಗಡೆಯದರೊಳಗೆ ತೂರಿಸಿ ಕೆಳಮುಖವಾಗಿ ಬಿಗಿದು ಗಂಟು ಹಾಕಿ. ಹಿಮ್ಮಡಿ ಶೂವಿನೊಳಗೆ ಕದಲದೆ ಕೂರುತ್ತದೆ, ಬೆರಳುಗಳು ಮುಂದಕ್ಕೆ ಜಾರಿ ಗುದ್ದಿಕೊಳ್ಳುವುದು ತಪ್ಪುತ್ತದೆ. ನಾಲ್ಕೂವರೆ ಗಂಟೆಯ ಓಟಕ್ಕೆ ನಲವತ್ತು ಸಾವಿರಕ್ಕೂ ಹೆಚ್ಚು ಹೆಜ್ಜೆ ಬೀಳುತ್ತವೆ. ಒಂದೊಂದು ಹೆಜ್ಜೆಗೂ ಕೂದಲೆಳೆಯಷ್ಟು ಉಜ್ಜಿದರೂ ಚರ್ಮ ಕಿತ್ತು ಬರಲು ಅಷ್ಟು ಸಾಕು.

ಬಟ್ಟೆಯದ್ದೂ ಇದೇ ಉಜ್ಜಾಟದ ಕತೆ. ಹತ್ತಿ ಬನಿಯನ್ ಮನೆಗೆ ಒಳ್ಳೆಯದು, ಮ್ಯಾರಥಾನಿಗಲ್ಲ. ಬೆವರು ಕುಡಿದು ಭಾರವಾಗಿ ಮೈಗೆ ಅಂಟಿ, ಗಂಡಸರ ಮೊಲೆತೊಟ್ಟು ರಕ್ತ ಬರುವಷ್ಟು ತರಿಯುತ್ತದೆ. ಬಿಳಿ ಟೀ ಶರ್ಟಿನ ಮೇಲೆ ಎರಡು ಕೆಂಪು ಗೆರೆ ಇಳಿದವರ ಫೋಟೊ ನೋಡಿ ನಗುವವರು ತಮ್ಮ ಸರದಿ ಬಂದಾಗ ನಗುವುದಿಲ್ಲ. ತೆಳ್ಳನೆಯ ಪಾಲಿಯೆಸ್ಟರ್ ಹಾಕಿ, ತೊಟ್ಟಿನ ಮೇಲೆ ಮೆಡಿಕಲ್ ಟೇಪ್ ಅಂಟಿಸಿ. ತೊಡೆಸಂದು, ಕಂಕುಳು, ಬೆರಳ ಸಂದಿಗೆ ವ್ಯಾಸಲೀನ್ ಧಾರಾಳವಾಗಿ ಬಳಿಯಿರಿ. ಹೆಣ್ಣುಮಕ್ಕಳು ಸ್ಪೋರ್ಟ್ಸ್ ಬ್ರಾದ ಕೆಳಪಟ್ಟಿ ಕೂರುವ ಜಾಗವನ್ನು, ಹೊಲಿಗೆ ಬರುವ ಕಡೆಯನ್ನು ಮರೆಯಬಾರದು. ಸ್ನಾನಕ್ಕೆ ನಿಂತಾಗ ಎಲ್ಲಿ ಉರಿಯಿತೋ ಅಲ್ಲಿ ಬಳಿದಿಲ್ಲ ಎಂದು ಲೆಕ್ಕ. ಲಾಂಗ್ ರನ್ನಿನ ಭಾನುವಾರಗಳಲ್ಲೇ ಇದನ್ನೆಲ್ಲ ಪರೀಕ್ಷಿಸಿ ಮುಗಿಸಬೇಕು. ಆಯೋಜಕರು ಕೊಡುವ ಹೊಸ ಟೀ ಶರ್ಟನ್ನು ಓಟ ಮುಗಿದ ಮೇಲೆ ಹಾಕಿಕೊಂಡು ಊರೆಲ್ಲ ತಿರುಗಿ, ಓಟಕ್ಕೆ ಬೇಡ.

ಅಭ್ಯಾಸದ ವಿಚಾರವನ್ನು ಹೆಚ್ಚು ಎಳೆಯುವುದಿಲ್ಲ. ಹಾಫ್ ಓಡಿದವರಿಗೆ ಹದಿನಾರು ವಾರ ಬೇಕು. ವಾರಕ್ಕೊಂದು ಲಾಂಗ್ ರನ್, ಹದಿನೆಂಟು ಕಿಲೋಮೀಟರಿನಿಂದ ಮೆಲ್ಲಗೆ ಏರಿಸಿ 30-32ರವರೆಗೆ. ಕೊನೆಯ ದೊಡ್ಡ ಓಟ ಮ್ಯಾರಥಾನಿಗೆ ಮೂರು ವಾರ ಮೊದಲು, ಅಲ್ಲಿಂದ ಮುಂದೆ ಇಳಿಕೆ. ಮುಂಬೈ ಓಟ ಜನವರಿಯ ಮೂರನೆಯ ಭಾನುವಾರ ನಡೆಯುವುದರಿಂದ ಲೆಕ್ಕ ಸರಿಯಾಗಿ ದಸರೆಯ ಹೊತ್ತಿಗೆ ಶುರುವಾಗುತ್ತದೆ. ಕುಂಬಾರಕೊಪ್ಪಲಿನವರಿಗೆ ಲಾಂಗ್ ರನ್ನಿಗೆ ಕೆಆರ್‌ಎಸ್ ರಸ್ತೆಯೇ ಸೈ. ಊರಿನಿಂದ ಅಣೆಕಟ್ಟೆಗೆ ಸುಮಾರು 19 ಕಿಲೋಮೀಟರ್, ಅಲ್ಲಿಯವರೆಗೂ ಹೋಗಬೇಕಾಗಿಲ್ಲ, ಬೆಳಗೊಳದ ಆಸುಪಾಸಿನಲ್ಲಿ ತಿರುಗಿಕೊಂಡರೆ ಆಯಿತು. ಹೋಗುವಾಗ ರಸ್ತೆ ಒಟ್ಟಾರೆ ಕಾವೇರಿಯ ಕಡೆಗೆ ಇಳಿಯುತ್ತದೆ, ಬರುವಾಗ ಊರಿನ ಕಡೆಗೆ ಏರುತ್ತದೆ. ಇಳಿಜಾರಿನ ಖುಷಿಯಲ್ಲಿ ಜೋರಾಗಿ ಹೋದವರಿಗೆ ವಾಪಸಾಗುವಾಗ ಬಿಸಿಲು, ಏರು, ಬಸ್ಸಿನ ಹೊಗೆ ಮೂರೂ ಒಟ್ಟಿಗೆ ಎದುರಾಗುತ್ತವೆ. ಮೂರು ವಾರ ಹೀಗಾದರೆ ಕೋಚ್ ಇಲ್ಲದೆಯೇ ಪಾಠ ತಲೆಗೆ ಹತ್ತುತ್ತದೆ. ಕತ್ತಲಿರುವಾಗ ಹೊರಟರೆ ಬೆಳಕಿಗೆ ಹೊಳೆಯುವ ಪಟ್ಟಿ ಹಾಕಿಕೊಳ್ಳಿ, ಎದುರಿಗೆ ಬರುವ ಗಾಡಿ ಕಾಣುವಂತೆ ಬಲಗಡೆ ಓಡಿ, ಕಿವಿಗೆ ಇಯರ್‌ಫೋನ್ ಬೇಡ, ಆದಷ್ಟೂ ಗುಂಪಿನಲ್ಲಿ ಹೋಗಿ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಲಾಂಗ್ ರನ್ನಿಗೆ ಹೋಗುವವರಿದ್ದಾರೆ. ನಿದ್ದೆ ಬಿಟ್ಟು ಮಾಡಿದ ಅಭ್ಯಾಸ ಮೈಗೆ ಹತ್ತುವುದಿಲ್ಲ, ಆ ವಾರ ಸೋಮವಾರಕ್ಕೆ ತಳ್ಳಿ.

ಇನ್ನು ಊಟ. ನಮ್ಮ ಸ್ನಾಯು, ಪಿತ್ತಜನಕಾಂಗಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಇರುವ ಸಕ್ಕರೆಯ ದಾಸ್ತಾನು ಸುಮಾರು 400ರಿಂದ 500 ಗ್ರಾಂ, ಅಂದರೆ ಎರಡು ಸಾವಿರ ಕ್ಯಾಲೊರಿಯ ಆಸುಪಾಸು. ಓಡಲು ತಗಲುವ ಖರ್ಚು ಮೈತೂಕದ ಒಂದು ಕಿಲೋಗೆ, ಒಂದು ಕಿಲೋಮೀಟರಿಗೆ, ಸರಿಸುಮಾರು ಒಂದು ಕ್ಯಾಲೊರಿ. 65 ಕಿಲೋ ತೂಗುವವರಿಗೆ ಒಟ್ಟು 2,700. ಕೊರತೆಯನ್ನು ಕೊಬ್ಬು ತುಂಬುತ್ತದೆ, ಆದರೆ ಕೊಬ್ಬು ಉರಿಯುವುದು ನಿಧಾನ. ವೇಗ ಹೆಚ್ಚಿದಷ್ಟೂ ದೇಹ ಕೊಬ್ಬನ್ನು ಬಿಟ್ಟು ಸಕ್ಕರೆಗೇ ಕೈಹಾಕುತ್ತದೆ. ಮೊದಲ ಹತ್ತು ಕಿಲೋಮೀಟರ್ ಜೋರಾಗಿ ಓಡಿದವರು 30ರ ಹೊತ್ತಿಗೆ ಏಕೆ ಕುಸಿಯುತ್ತಾರೆ ಎಂಬುದಕ್ಕೆ ಕಾರಣ ಇಲ್ಲೇ ಇದೆ. ಓಟಗಾರರು ಇದನ್ನು 'ಗೋಡೆ' ಎನ್ನುತ್ತಾರೆ. ಕಾಲು ಮರಗಟ್ಟುತ್ತದೆ, ತಲೆ ಮಂಕಾಗುತ್ತದೆ, ರಸ್ತೆ ಬದಿಯ ಕಲ್ಲು ಬೆಂಚಿನ ಮೇಲೆ ಕೂತುಬಿಡೋಣ ಅನ್ನಿಸುತ್ತದೆ.

ಹಾಗಾಗಿ ಓಡುತ್ತಲೇ ತಿನ್ನಬೇಕು, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್. ಒಂದು ಜೆಲ್ ಪೊಟ್ಟಣದಲ್ಲಿ ಸಾಮಾನ್ಯವಾಗಿ 22-25 ಗ್ರಾಂ ಇರುತ್ತದೆ. ಅರ್ಧ ಗಂಟೆ, ನಲವತ್ತು ನಿಮಿಷಕ್ಕೊಂದರಂತೆ, ಹಸಿವಾಗುವ ಮೊದಲೇ, ನೀರಿನ ಜೊತೆ. ಜೆಲ್ ಒಗ್ಗದವರು ಬೆಲ್ಲ ಹಿಡಿದು ಓಡುವುದನ್ನು ನೋಡಿದ್ದೇನೆ. ಇಪ್ಪತ್ತು ಗ್ರಾಮಿನ ಒಂದು ಉಂಡೆಯಲ್ಲಿ ಹೆಚ್ಚುಕಡಿಮೆ ಹದಿನೆಂಟು ಗ್ರಾಂ ಕಾರ್ಬೊಹೈಡ್ರೇಟ್ ಸಿಗುತ್ತದೆ, ಬೆಲೆ ಜೆಲ್‌ಗೆ ಹೋಲಿಸಿದರೆ ಚಿಲ್ಲರೆ. ಬೆವರಿಗೆ ಕರಗಿ ಅಂಟುವುದೊಂದೇ ತೊಂದರೆ, ಬಟರ್ ಪೇಪರಿನಲ್ಲಿ ಒಂದೊಂದನ್ನೇ ಸುತ್ತಿಡಿ. ಬೀಜ ತೆಗೆದ ಖರ್ಜೂರವೂ ನಡೆಯುತ್ತದೆ. ಕಡಲೆ ಮಿಠಾಯಿ ಮಾತ್ರ ಬೇಡ, ಕಡಲೆಕಾಯಿಯ ಕೊಬ್ಬು ಓಡುವ ಹೊಟ್ಟೆಯಲ್ಲಿ ಅರಗದೆ ಕೂರುತ್ತದೆ. ಏನೇ ಆಗಲಿ, ಲಾಂಗ್ ರನ್ನಿನಲ್ಲಿ ನಾಲ್ಕೈದು ಸಲ ತಿಂದು ನೋಡದೆ ಇದ್ದದ್ದು ಓಟದ ದಿನ ಬಾಯಿಗೆ ಹೋಗಬಾರದು. 1950ರಲ್ಲಿ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, 1961ರಲ್ಲಿ ಸೈನಿಕರ ಆಹಾರಕ್ಕಾಗಿ ಡಿಎಫ್‌ಆರ್‌ಎಲ್ ಎರಡೂ ಶುರುವಾದ ಊರು ನಮ್ಮದು. ನಡೆಯುತ್ತಾ, ಬೆವರುತ್ತಾ ತಿನ್ನಬಹುದಾದ ಆಹಾರದ ಬಗ್ಗೆ ಇಷ್ಟೊಂದು ತಲೆ ಓಡಿಸಿದ ಊರಿನಲ್ಲಿ ಓಟಗಾರರು ವಿದೇಶದ ಪೊಟ್ಟಣಕ್ಕೆ ನೂರೈವತ್ತು, ಇನ್ನೂರು ಕೊಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಓಟದ ವಾರ ಸಂಕ್ರಾಂತಿಯ ವಾರ. ಅದೇ ದೊಡ್ಡ ಪರೀಕ್ಷೆ. ಮೈಸೂರಿನ ಮನೆಮನೆಯಲ್ಲೂ ಅವರೆಕಾಳಿನ ಕಾಲ: ಅವರೆಕಾಳು ಉಪ್ಪಿಟ್ಟು, ಹಿತಕಿದ ಬೇಳೆ ಸಾರು, ಪೊಂಗಲ್ಲು, ಮೇಲಿಂದ ಎಳ್ಳುಬೆಲ್ಲ. ಭಾನುವಾರದ ಓಟಕ್ಕೆ ಗುರುವಾರದಿಂದ ಅವರೆಕಾಳು ಮುಟ್ಟಬೇಡಿ. ನಾರು, ಗ್ಯಾಸು ಎರಡೂ ಹೇಳಿ ಕೇಳಿ ಬರುವುದಿಲ್ಲ, ನಲವತ್ತೆರಡು ಕಿಲೋಮೀಟರಿನ ನಡುವೆ ಶೌಚಾಲಯದ ಸಾಲಿನಲ್ಲಿ ನಿಂತವರ ಸಂಕಟ ಅವರಿಗೇ ಗೊತ್ತು. ರಾಗಿಮುದ್ದೆಗೂ ಎರಡು ದಿನ ರಜೆ. ಆ ಎರಡು ದಿನ ಬಿಳಿ ಅನ್ನ, ತಿಳಿಸಾರು, ಇಡ್ಲಿ, ಮೊಸರನ್ನ, ಬಾಳೆಹಣ್ಣು, ಡಾಕ್ಟರುಗಳು ಮಾಮೂಲಿ ದಿನ ಬೇಡ ಎನ್ನುವ ಎಲ್ಲವೂ. ಅಭ್ಯಾಸ ಇಳಿದಿರುವುದರಿಂದ ಅನ್ನದ ಸಕ್ಕರೆ ಖರ್ಚಾಗದೆ ಗ್ಲೈಕೋಜನ್ ಆಗಿ ಕೂಡುತ್ತದೆ. ಪ್ರತಿ ಗ್ರಾಮಿನ ಜೊತೆ ಎರಡು ಮೂರು ಗ್ರಾಂ ನೀರನ್ನೂ ಹಿಡಿದಿಡುವುದರಿಂದ ತೂಕ ಒಂದು ಕಿಲೋ ಏರಬಹುದು, ಗಾಬರಿ ಬೇಡ. ಎಳ್ಳುಬೆಲ್ಲ ಬೇಡ ಎಂದರೆ ಮನೆಯಲ್ಲಿ ಬೈಸಿಕೊಳ್ಳಬೇಕಾಗುತ್ತದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಒಳ್ಳೆ ಮಾತಾಡಿ ಎದ್ದುಬಿಡಿ.

ಈಗ ವೇಗ. ಮೊದಲಿಗೆ ಗುರಿ ಎಷ್ಟಿರಬೇಕು? ಅಮೆರಿಕದ ಪೀಟ್ ರೀಗಲ್ ಎಂಬ ಎಂಜಿನಿಯರ್ 1977ರಲ್ಲಿ ಒಂದು ಸೂತ್ರ ಕೊಟ್ಟರು. ದೂರ ಎರಡು ಪಟ್ಟಾದರೆ ಸಮಯ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಂದರೆ 2.085 ಪಟ್ಟು. ಹಾಫನ್ನು 2 ಗಂಟೆ 5 ನಿಮಿಷಕ್ಕೆ ಓಡಿದವರಿಗೆ ಈ ಲೆಕ್ಕದಲ್ಲಿ ಫುಲ್ 4 ಗಂಟೆ 20 ನಿಮಿಷ ಚಿಲ್ಲರೆ. ವಾಚುಗಳು, ಫೋನಿನ ಆ್ಯಪುಗಳು ತೋರಿಸುವ ಅಂದಾಜು ಬಹುಪಾಲು ಇಂಥ ಸೂತ್ರಗಳ ಮೇಲೇ ನಿಂತಿರುತ್ತದೆ. ಆದರೆ ಈ ಸೂತ್ರ ಎರಡೂ ದೂರಕ್ಕೆ ಸಮನಾಗಿ ತಯಾರಾದವರಿಗೆ. ವಾರಕ್ಕೆ ನಲವತ್ತು ಕಿಲೋಮೀಟರ್ ಓಡುವ ಕೆಲಸದ ಜನರಿಗೆ ಅದು ಕೈಗೆಟುಕುವುದಿಲ್ಲ. ಹತ್ತು ನಿಮಿಷ ಸೇರಿಸಿ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡು.

ಈ ಗುರಿಯವರು ಓಟದ ದಿನ ಏನು ಮಾಡುತ್ತಾರೆ ನೋಡಿ. ಎರಡು ಮೂರು ವಾರ ಕಡಿಮೆ ಓಡಿ ಕಾಲು ಹಗುರಾಗಿರುತ್ತದೆ. ಸುತ್ತಲೂ ಸಾವಿರಾರು ಜನ, ಡೋಲು, ಚಪ್ಪಾಳೆ, ಬೆಳಗಿನ ತಂಪು. ಕಿಲೋಮೀಟರಿಗೆ ಆರು ನಿಮಿಷದ ವೇಗ ನಡೆದಂತೆ ಅನ್ನಿಸುತ್ತದೆ. "ಚೆನ್ನಾಗಿ ಹೋಗ್ತಿದೆ, ಈಗಲೇ ಟೈಮ್ ಉಳಿಸಿಕೊಂಡ್ರೆ ಆಮೇಲೆ ಅನುಕೂಲ" ಎಂದು ಮನಸ್ಸು ಪುಸಲಾಯಿಸುತ್ತದೆ. ಹತ್ತು ಕಿಲೋಮೀಟರಿಗೆ ಹೀಗೆ ಉಳಿಯುವುದು ಎಷ್ಟು? ನಾಲ್ಕೇ ನಿಮಿಷ. ಆ ನಾಲ್ಕು ನಿಮಿಷಕ್ಕಾಗಿ ಬೇಗ ಸುಟ್ಟ ಸಕ್ಕರೆಯ ಬಿಲ್ಲು 30ರ ನಂತರ ಬರುತ್ತದೆ. ಗೋಡೆಗೆ ಗುದ್ದಿಕೊಂಡವರು ನಡೆದು, ಓಡಿ, ಮತ್ತೆ ನಡೆದು ಕಿಲೋಮೀಟರಿಗೆ ಎಂಟೂವರೆ ನಿಮಿಷಕ್ಕೆ ಇಳಿಯುವುದು ತೀರ ಸಾಮಾನ್ಯ. ಉಳಿದ ಹನ್ನೆರಡು ಕಿಲೋಮೀಟರಿನಲ್ಲಿ ಕಳೆದುಹೋಗುವುದು ಇಪ್ಪತ್ತೈದು ನಿಮಿಷ. ಯಾವ ಬಡ್ಡಿ ವ್ಯಾಪಾರಿಯೂ ಇಷ್ಟು ಕೇಳುವುದಿಲ್ಲ.

ತದ್ವಿರುದ್ಧ ಲೆಕ್ಕ ಹಾಕೋಣ. ಮೊದಲ ಐದು ಕಿಲೋಮೀಟರನ್ನು ಬೇಕೆಂದೇ 6:40ರಲ್ಲಿ ಓಡಿದರೆ ಕಿಲೋಮೀಟರಿಗೆ 16 ಸೆಕೆಂಡಿನಂತೆ ಒಟ್ಟು 80 ಸೆಕೆಂಡು ಹಿಂದೆ ಬೀಳುತ್ತೇವೆ. ಅದನ್ನು ಉಳಿದ 37 ಕಿಲೋಮೀಟರಿಗೆ ಹಂಚಿ. ಕಿಲೋಮೀಟರಿಗೆ ಎರಡು ಸೆಕೆಂಡು ಚಿಲ್ಲರೆ ಅಷ್ಟೇ! ಮೂಗು ಒರೆಸಿಕೊಳ್ಳುವಷ್ಟು ಹೊತ್ತೂ ಅಲ್ಲ. ನಿಧಾನವಾಗಿ ಶುರು ಮಾಡಿದರೆ ಟೈಮ್ ಹೋಗುತ್ತದೆ ಎಂದು ಹೆದರುವವರಿಗೆ ಈ ಭಾಗಾಕಾರ ಸಾಕು.

ರಿಂಗ್ ರೋಡಿನ ಮೇಲೆ ಇಟ್ಟು ನೋಡಿದರೆ ಇನ್ನೂ ಸ್ಪಷ್ಟ. ಕೆಆರ್‌ಎಸ್ ಜಂಕ್ಷನ್ನಿನಿಂದ ಹೊರಟು ಬೆಂಗಳೂರು ರಸ್ತೆಯವರೆಗೆ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಂತಿರಬೇಕು. ಯಾರು ಹಿಂದಿಕ್ಕಿದರೂ ಹೋಗಲಿ. ತಿ. ನರಸೀಪುರ ರಸ್ತೆಯ ಹೊತ್ತಿಗೆ ಗುರಿಯ ವೇಗ ತಾನಾಗಿ ಕಾಲಿಗೆ ಕೂರುತ್ತದೆ. ನಂಜನಗೂಡು ರಸ್ತೆಯ ಬಳಿ ಹೆಚ್ಚುಕಡಿಮೆ ಅರ್ಧ ದಾರಿ, ಅಲ್ಲಿ "ಇನ್ನೂ ಬೇಕಾದರೆ ಜೋರಾಗಿ ಓಡಬಲ್ಲೆ" ಅನ್ನಿಸದಿದ್ದರೆ ಆಗಲೇ ತಪ್ಪಿದ್ದೀರಿ. ಎಚ್.ಡಿ. ಕೋಟೆ ರಸ್ತೆ ದಾಟಿ ಬೋಗಾದಿಯ ಕಡೆ ತಿರುಗುವಲ್ಲಿಗೆ 30ರ ಆಸುಪಾಸು. ಅಲ್ಲಿ ವೇಗ ಅದೇ, ಶ್ರಮ ಮಾತ್ರ ದುಪ್ಪಟ್ಟು. ಮುಂದೆ ಹೋದವರೆಲ್ಲ ಒಬ್ಬೊಬ್ಬರಾಗಿ ಸಿಗತೊಡಗುತ್ತಾರೆ. ಹಿನಕಲ್ ದಾಟಿದ ಮೇಲೆ ಮೈಯಲ್ಲಿ ಏನು ಉಳಿದಿದೆಯೋ ಎಲ್ಲ ಸುರಿಯಬಹುದು. ಕೀನ್ಯಾದ ಕೆಲ್ವಿನ್ ಕಿಪ್ಟಮ್ 2023ರ ಅಕ್ಟೋಬರಿನಲ್ಲಿ ಶಿಕಾಗೊದಲ್ಲಿ 2 ಗಂಟೆ 35 ಸೆಕೆಂಡಿಗೆ ಓಡಿ ವಿಶ್ವದಾಖಲೆ ಮಾಡಿದಾಗ ಮೊದಲ ಅರ್ಧಕ್ಕೆ 60 ನಿಮಿಷ 48 ಸೆಕೆಂಡು ತೆಗೆದುಕೊಂಡಿದ್ದರು, ಎರಡನೆಯ ಅರ್ಧಕ್ಕೆ 59 ನಿಮಿಷ 47 ಸೆಕೆಂಡು. ನಾಲ್ಕು ತಿಂಗಳ ಬಳಿಕ, 24ನೆಯ ವಯಸ್ಸಿಗೇ, ರಸ್ತೆ ಅಪಘಾತದಲ್ಲಿ ತೀರಿಕೊಂಡ ಆ ಹುಡುಗ ಓಡಿದ್ದು ಮೂರೇ ಮ್ಯಾರಥಾನ್. ಅಷ್ಟರಲ್ಲೇ ಈ ಕಲೆ ಅವನಿಗೆ ಸಿದ್ಧಿಸಿತ್ತು.

ಮುಂಬೈಗೆ ಹೋಗುವ ಮೈಸೂರಿನವರು ಇನ್ನೊಂದು ಕಡಿತ ಮಾಡಿಕೊಳ್ಳಬೇಕು. ಡಿಸೆಂಬರಿನಲ್ಲಿ ನಾವು ಓಡುವುದು ಸ್ವೆಟರ್ ಹಾಕಿಕೊಂಡು ಹಾಲಿಗೆ ಹೋಗುವ ಚಳಿಯಲ್ಲಿ, ಒಣ ಗಾಳಿಯಲ್ಲಿ. ಮುಂಬೈ ಸಮುದ್ರದ ಊರು, ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ, ಅದೇ ವೇಗಕ್ಕೆ ಎದೆಬಡಿತ ಏರುತ್ತದೆ. ಫುಲ್ ಓಟ ಬೆಳಿಗ್ಗೆ ಐದಕ್ಕೇ ಶುರುವಾದರೂ ಏಳೂಕಾಲಿನ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ, ನಾಲ್ಕೂವರೆ ಗಂಟೆಯವರು ಕೊನೆಯ ಎರಡು ಗಂಟೆ ಬಿಸಿಲಲ್ಲೇ ಇರುತ್ತಾರೆ. ಇಲ್ಲಿ ನಾಲ್ಕೂವರೆಗೆ ತಯಾರಿದ್ದರೆ ಅಲ್ಲಿಗೆ 4:40 ಇಟ್ಟುಕೊಳ್ಳಿ, ಕಿಲೋಮೀಟರಿಗೆ 6:38. ಅಲ್ಲಿಯ ಪೆಡ್ಡರ್ ರೋಡಿನ ಏರು ಹೆಸರಾಂತದ್ದು. ಹಲವು ವರ್ಷ ಅದು ವಾಪಸಾತಿಯಲ್ಲಿ, 35ನೆಯ ಕಿಲೋಮೀಟರಿನ ಆಚೀಚೆ ಬರುತ್ತಿತ್ತು. ಮಾರ್ಗ ಆಗಾಗ ತಿದ್ದುಪಡಿ ಆಗುತ್ತದೆ, ಆ ವರ್ಷದ ನಕ್ಷೆ ನೋಡಿಕೊಳ್ಳಿ. ಅದಕ್ಕೆಂದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಓಡಿ ಹತ್ತುವವರಿದ್ದಾರೆ, ಮಂಡಿ ಕಳೆದುಕೊಳ್ಳಲು ಅದು ಸುಲಭದ ದಾರಿ. ಪೆಡ್ಡರ್ ರೋಡಿನದು ಕಡಿದಾದ ಏರಲ್ಲ, ಸುಸ್ತಾದ ಹೊತ್ತಿಗೆ ಬರುವ ಏರು. ಕೆಆರ್‌ಎಸ್ ರಸ್ತೆಯಲ್ಲಿ ಇಪ್ಪತ್ತೈದು ಮುಗಿಸಿ ಬಂದು ಯಾದವಗಿರಿಯ ಕಡೆ ಎರಡು ಸಲ ಹತ್ತಿಳಿದರೆ ಅದಕ್ಕೆ ಸಮ.

ವಾಚನ್ನು ನಂಬಿ, ಪೂರ್ತಿ ನಂಬಬೇಡಿ. ಅಧಿಕೃತ ಮಾರ್ಗವನ್ನು ತಿರುವುಗಳಲ್ಲಿ ಅತಿ ಹತ್ತಿರದ ಗೆರೆ ಹಿಡಿದು ಅಳೆದಿರುತ್ತಾರೆ, ಕಡಿಮೆ ಬೀಳದಿರಲಿ ಎಂದು ಸಾವಿರ ಮೀಟರಿಗೆ ಒಂದು ಮೀಟರ್ ಸೇರಿಸಿರುತ್ತಾರೆ. ನಾವು ಜನರನ್ನು ಬಳಸಿಕೊಂಡು, ನೀರಿನ ಮೇಜಿಗೆ ಹೋಗಿ, ಅಡ್ಡಾದಿಡ್ಡಿ ಓಡುತ್ತೇವೆ. ಎತ್ತರದ ಕಟ್ಟಡಗಳ ನಡುವೆ ವಾಚಿನ ಲೆಕ್ಕವೂ ತಪ್ಪುತ್ತದೆ. ಮುಗಿಸುವ ಹೊತ್ತಿಗೆ ವಾಚು 42.6 ತೋರಿಸುವುದು ಮಾಮೂಲು. ವಾಚಿನಲ್ಲಿ 6:24 ಹಿಡಿದೇ ಓಡಿದರೂ ಆಗ ಎರಡೂವರೆ ನಿಮಿಷ ತಡ. ರಸ್ತೆ ಬದಿಯ ಕಿಲೋಮೀಟರ್ ಬೋರ್ಡೇ ಪ್ರಮಾಣ. ಐದು, ಹತ್ತು, ಹದಿನೈದು, ಅರ್ಧ, ಮೂವತ್ತು, ಇಷ್ಟರ ಸಮಯವನ್ನು ಬಾಲ್ ಪೆನ್ನಿನಲ್ಲಿ ಮುಂಗೈ ಮೇಲೆ ಬರೆದುಕೊಂಡರೆ ಮಂಕಾದ ತಲೆಗೆ ಲೆಕ್ಕ ಹಾಕುವ ಕಷ್ಟ ತಪ್ಪುತ್ತದೆ.

ನೀರಿನ ಬಗ್ಗೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಕುಡಿದಷ್ಟೂ ಒಳ್ಳೆಯದಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ 13 ಮಂದಿಗೆ ಸೋಡಿಯಂ ಇಳಿದಿತ್ತು. ಓಡುತ್ತಾ ಮೈತೂಕ ಏರಿಸಿಕೊಂಡವರಿಗೆ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಿಗೆ, ಆ ಅಪಾಯ ಜಾಸ್ತಿ. ನಾಲ್ಕು ಗಂಟೆ ದಾಟಿ ಓಡುವ ನಮ್ಮಂಥವರೇ ಪ್ರತಿ ಮೇಜಿನಲ್ಲೂ ನಿಂತು ಬಾಟಲಿ ಖಾಲಿ ಮಾಡುವವರು. ಲಾಂಗ್ ರನ್ನಿಗೆ ಮೊದಲು, ಆಮೇಲೆ, ಬಟ್ಟೆ ಕಳಚಿ ತೂಕ ನೋಡಿ. ಒಂದು ಕಿಲೋ, ಒಂದೂವರೆ ಇಳಿದಿದ್ದರೆ ಸರಿ. ಏರಿದ್ದರೆ ಕುಡಿಯುವುದನ್ನು ಕಡಿಮೆ ಮಾಡಿ. ಓಆರ್‌ಎಸ್ ಉಪ್ಪಿಗೆ ಒಳ್ಳೆಯದು, ಶಕ್ತಿಗೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ ಇರುತ್ತದೆ, ಅದನ್ನೇ ಕುಡಿದುಕೊಂಡು ಜೆಲ್ ಬಿಟ್ಟವರು 30ಕ್ಕೆ ನಿಲ್ಲುತ್ತಾರೆ. ನೋವಿನ ಮಾತ್ರೆ ನುಂಗಿ ಓಡಬೇಡಿ, ಬೆವರಿ ಒಣಗಿದ ಮೈಯಲ್ಲಿ ಐಬುಪ್ರೊಫೇನ್‌ನಂಥವು ಮೂತ್ರಪಿಂಡಕ್ಕೆ ಕೆಡುಕು. ಎದೆ ಹಿಡಿದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಂತು ಸ್ವಯಂಸೇವಕರನ್ನು ಕರೆಯಿರಿ. ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು ಹೆಸರು ಕೊಡುವ ಮೊದಲೇ ಡಾಕ್ಟರನ್ನು ಕಂಡಿರಬೇಕು.

ಶನಿವಾರ ಸಂಜೆ ಎಲ್ಲವನ್ನೂ ನೆಲದ ಮೇಲೆ ಹಾಸಿ. ಶೂ, ಸಾಕ್ಸ್, ಚಡ್ಡಿ, ಟೀ ಶರ್ಟಿಗೆ ನಾಲ್ಕು ಮೂಲೆಯಲ್ಲೂ ಪಿನ್ ಚುಚ್ಚಿದ ನಂಬರಿನ ಬಿಬ್, ಟೋಪಿ, ವ್ಯಾಸಲೀನ್, ಟೇಪ್, ಜೆಲ್ಲೋ ಬೆಲ್ಲವೋ, ಒಂದಿಷ್ಟು ದುಡ್ಡು, ಆಧಾರ್ ಕಾರ್ಡಿನ ಪ್ರತಿ. ಬಿಬ್ಬಿನ ಹಿಂದೆ ಮನೆಯವರ ಫೋನ್ ನಂಬರ್, ರಕ್ತದ ಗುಂಪು ಬರೆಯಲು ಜಾಗವಿರುತ್ತದೆ, ಖಾಲಿ ಬಿಡಬೇಡಿ. ಕಾಲುಬೆರಳ ಉಗುರನ್ನು ಶನಿವಾರ ಕತ್ತರಿಸಬೇಡಿ, ಮೂರು ನಾಲ್ಕು ದಿನ ಮೊದಲೇ ಮುಗಿಸಿ. ಮೈಸೂರಿನಿಂದ ಹೊರಡುವಾಗ ಓಟದ ಶೂ, ಬಟ್ಟೆ ಕೈಚೀಲದಲ್ಲೇ ಇರಲಿ, ದೊಡ್ಡ ಲಗೇಜು ಎಲ್ಲಿಗೆ ಬೇಕಾದರೂ ಹೋಗಲಿ. ಆ ರಾತ್ರಿ ನಿದ್ದೆ ಬರುವುದಿಲ್ಲ, ಬರದಿದ್ದರೆ ನಷ್ಟವೂ ಇಲ್ಲ. ಶುಕ್ರವಾರ ರಾತ್ರಿ ಮಲಗಿದ್ದೇ ಲೆಕ್ಕಕ್ಕೆ ಬರುವುದು.

ಮುಗಿದ ಮೇಲೆ ಧೊಪ್ಪನೆ ಕೂರಬೇಡಿ, ಹತ್ತು ನಿಮಿಷ ನಡೆಯಿರಿ. ಇಟ್ಟುಹೋದ ಬ್ಯಾಗಿನಲ್ಲಿ ಒಣ ಬಟ್ಟೆಯ ಜೊತೆ ರಬ್ಬರ್ ಚಪ್ಪಲಿ ಇರಲಿ, ಊದಿದ ಪಾದ ಮತ್ತೆ ಶೂ ಹಾಕಿಸಿಕೊಳ್ಳುವುದಿಲ್ಲ. ಮಾರನೆಯ ದಿನ ಏರುವುದಕ್ಕಿಂತ ಇಳಿಯುವುದು ಕಷ್ಟ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದರೆ ಸಲೀಸು, ನೋಡಿದವರು ನಕ್ಕರೆ ನಗಲಿ. ಆ ಕಾಲಿನಲ್ಲೇ ವಾಪಸಿನ ರೈಲು ಹತ್ತಬೇಕು, ಟಿಕೆಟ್ ಈಗ 60 ದಿನ ಮೊದಲೇ ಸಿಗುತ್ತದೆ. ಶೂ ಆರಿಸಲು ಕೂತ ದಿನವೇ ಕ್ಯಾಲೆಂಡರಿನಲ್ಲಿ ಬುಕಿಂಗ್ ಶುರುವಾಗುವ ತಾರೀಖನ್ನು ಗುರುತು ಹಾಕಿಟ್ಟುಕೊಂಡು, ಬರುವಾಗಿನದಕ್ಕೆ ಲೋಯರ್ ಬರ್ತನ್ನೇ ಹಿಡಿಯಿರಿ. ಹೋಗುವಾಗ ಅಪ್ಪರ್ ಸಿಕ್ಕರೂ ಪರವಾಗಿಲ್ಲ.